ಕೆರಿಯರ್ ಟೆಸ್ಟ್ ರಿವ್ಯೂ: ರಿಪೋರ್ಟ್‌ಗೆ ಎರಡು ಸ್ಟಾರ್, ಎರಡನೇ ಕೌನ್ಸೆಲರ್ ಮೇಡಂಗೆ ಐದು

ಮೊದ್ಲೇ ಹೇಳ್ಬಿಡ್ತೀನಿ, ಸರ್ವಿಸ್ ಹೆಸರು ಹಾಕ್ತಿಲ್ಲ. ನಾನಿಲ್ಲಿ ಬೈಯೋದ್ರಲ್ಲಿ ಅರ್ಧ ಇವ್ರೊಬ್ರದ್ದೇ ತಪ್ಪಲ್ಲ, ಹೈಸ್ಕೂಲ್ ಮಕ್ಕಳಿಗೆ ಅಂತ ಆನ್‌ಲೈನಲ್ಲಿ ಮಾರೋ ಕೆರಿಯರ್ ಟೆಸ್ಟ್‌ಗಳಲ್ಲಿ ನಾನು ನೋಡಿದ ಮೂರ್ನಾಲ್ಕೂ ಒಂದೇ ಅಚ್ಚಲ್ಲಿ ಹೊಯ್ದಂಗೇ ಇದ್ವು. ನಾವು ತಗೊಂಡಿದ್ದು ಇವ್ರ ಹತ್ರ ಇರೋದ್ರಲ್ಲೇ ದೊಡ್ಡ ಪ್ಯಾಕೇಜ್: ಒಂದು ಟೆಸ್ಟ್, ಒಂದು ಪಿಡಿಎಫ್ ರಿಪೋರ್ಟ್, ವಿಡಿಯೋ ಕಾಲಲ್ಲಿ ಒಂದು ಕೌನ್ಸೆಲಿಂಗ್ ಸೆಶನ್. ಇಬ್ಬರು ಮಕ್ಕಳಿಗೆ ಮಾಡ್ಸಿದ್ವಿ, ನನ್ನ ಮಗಳಿಗೆ, ನನ್ನ ತಂಗಿ ಮಗನಿಗೆ. ಇಬ್ರಿಗೂ ಎರಡು ತಿಂಗಳ ವ್ಯತ್ಯಾಸ ಅಷ್ಟೇ, ಇಬ್ರಿಗೂ ಹೈಸ್ಕೂಲ್ ಮುಗಿಯೋ ವರ್ಷ, ಮುಂದೆ ಯಾವ ಸಬ್ಜೆಕ್ಟ್ ಅಂತ ಎರಡೂ ಮನೇಲಿ ತಲೆಬಿಸಿ. ಇಬ್ರಿಗೆ ಮಾಡ್ಸಿದ್ದಕ್ಕೇ ಈ ರಿವ್ಯೂ ಬರೀತಿರೋದು, ಮಗಳಿಗೆ ಮಾತ್ರ ಮಾಡ್ಸಿದ್ರೆ ಅಬ್ಬಾ ಎಷ್ಟು ಕರೆಕ್ಟಾಗಿ ಹೇಳಿದಾರೆ ಅಂತ ಐದು ಸ್ಟಾರ್ ಒತ್ತಿ ಸುಮ್ನಾಗ್ಬಿಡ್ತಿದ್ದೆ.

ಟೆಸ್ಟ್ ವಿಚಾರ ಮೊದ್ಲು. 180 ಪ್ರಶ್ನೆ, ಟೈಮ್ ಲಿಮಿಟ್ ಇಲ್ಲ, ಮಧ್ಯದಲ್ಲಿ ನಿಲ್ಸಿ ಆಮೇಲೆ ಮುಂದುವರ್ಸ್ಬಹುದು, ಇದು ಒಳ್ಳೇದು. ಕನ್ನಡದಲ್ಲೂ ಇದೆ ಅಂತ ಹಾಕಿದ್ರು, ಇದೆ, ಆದ್ರೆ ಯಾವುದೋ ಮಷಿನ್ ಕೈಲಿ ಮಾಡ್ಸಿದ ಕನ್ನಡ, ಒಂದು ಪ್ರಶ್ನೆ ಮೂರು ಸಲ ಓದಿದ್ಮೇಲೂ ಏನು ಕೇಳ್ತಿದಾರೆ ಅಂತ ತಿಳೀಲಿಲ್ಲ, ಕೊನೆಗೆ ಇಂಗ್ಲಿಷ್‌ಗೆ ಹಾಕ್ಕೊಂಡು ನಾನೇ ಹೇಳ್ದೆ. ಪ್ರತಿ ಪ್ರಶ್ನೆಗೂ ನಾಲ್ಕು ಆಯ್ಕೆ: ತುಂಬಾ ಇಷ್ಟ, ಇಷ್ಟ, ಗೊತ್ತಿಲ್ಲ, ಇಷ್ಟ ಇಲ್ಲ. ಮೈಕ್ರೋಸ್ಕೋಪಲ್ಲಿ ಜೀವಕೋಶ ನೋಡೋದು, ನಾಟಕಕ್ಕೆ ಸ್ಟೇಜ್ ಡಿಸೈನ್ ಮಾಡೋದು, ಇಂಜಿನ್ ಬಿಚ್ಚಿ ರಿಪೇರಿ ಮಾಡೋದು, ಕಂಪನಿ ಲೆಕ್ಕಪತ್ರ ನೋಡೋದು, ಜನರ ಮುಂದೆ ನಿಂತು ಭಾಷಣ ಮಾಡೋದು, ಇಂಥವು.

ಮಗಳು ಇಪ್ಪತ್ತೈದು ನಿಮಿಷದಲ್ಲಿ ಟಕಟಕ ಅಂತ ಮುಗಿಸಿದ್ಲು. ಇಂಜಿನ್ ಪ್ರಶ್ನೆ ಬಂದಾಗ ಓದೋಕೆ ಮುಂಚೇನೇ ಇಷ್ಟ ಇಲ್ಲ ಒತ್ತಿದ್ಲು, ಯಾಕೆ ಅಂದೆ, "ಅಮ್ಮ ಅದೆಲ್ಲ ಹುಡುಗ್ರು ಮಾಡೋದು" ಅಂದ್ಲು. ನಮ್ಮನೇಲಿ ಹಂಗೆ ಯಾರೂ ಹೇಳ್ಕೊಟ್ಟಿಲ್ಲ ಅಂತ ನಾನು ಅನ್ಕೊಂಡಿದ್ದೆ. ಅನ್ಕೊಂಡಿದ್ದೆ ಅಷ್ಟೇ.

ಹುಡುಗನಿಗೆ ಒಂದೂವರೆ ಗಂಟೆ ಹಿಡೀತು. ಅವನಿಗೆ ಓದೋಕೆ ಬರಲ್ಲ ಅಂತಲ್ಲ, ಪ್ರತಿ ಎರಡು ಪ್ರಶ್ನೆಗೊಂದ್ಸಲ ನನ್ ಕಡೆ ತಿರುಗಿ "ದೊಡ್ಡಮ್ಮ, ಇದು ನೋಡೇ ಇಲ್ವಲ್ಲ, ಇಷ್ಟ ಅಂತ ಹಾಕ್ಬೇಕಾ ಇಲ್ಲ ಅಂತ ಹಾಕ್ಬೇಕಾ" ಅಂತ ಕೇಳ್ತಿದ್ದ. ಹೇಳ್ಕೊಡಬಾರ್ದು ಅಂತ ಸ್ಕ್ರೀನ್ ಮೇಲೆ ಬರ್ದಿತ್ತು, ನಿಂಗನ್ಸಿದ್ದು ಹಾಕು ಅಂದೆ. ಅವನಪ್ಪ ಲಾರಿ ಓಡಿಸ್ತಾರೆ, ಕೆಲಸ ಎಲ್ಲಿ ಸಿಕ್ಕಿದ್ರೆ ಅಲ್ಲಿ ಮನೆ, ಹುಡುಗ ಇಷ್ಟರಲ್ಲೇ ನಾಲ್ಕು ಸ್ಕೂಲ್ ನೋಡಿದಾನೆ, ಅದ್ರಲ್ಲಿ ಎರಡರಲ್ಲಿ ಲ್ಯಾಬ್ ಇತ್ತಂತೆ ಆದ್ರೆ ಬೀಗ ಹಾಕಿರ್ತಿತ್ತಂತೆ. ಮೈಕ್ರೋಸ್ಕೋಪ್ ಪ್ರಶ್ನೆಗೆ ಸ್ವಲ್ಪ ಹೊತ್ತು ಯೋಚ್ನೆ ಮಾಡಿ ಇಷ್ಟ ಇಲ್ಲ ಅಂತ ಹಾಕ್ದ. ಆಮೇಲೆ ಲೆಕ್ಕ ಹಾಕಿ ನೋಡಿದ್ರೆ ಅವನು 41 ಕಡೆ ಗೊತ್ತಿಲ್ಲ ಅಂತ ಒತ್ತಿದ್ದ, ನನ್ನ ಮಗಳು 6 ಕಡೆ.

ಎರಡು ದಿನಕ್ಕೆ ರಿಪೋರ್ಟ್ ಬಂತು. 34 ಪೇಜ್. ನೋಡೋಕೇನೋ ಚೆನ್ನಾಗಿದೆ, ಬಣ್ಣಬಣ್ಣದ ಚಕ್ರ, ಬಾರ್ ಚಾರ್ಟು, ಮಕ್ಕಳ ಹೆಸರು ಪ್ರತಿ ಪೇಜಲ್ಲೂ. ಒಳಗಿರೋದು ಜಾನ್ ಹಾಲಂಡ್ ಅನ್ನೋ ಅಮೆರಿಕದ ಸೈಕಾಲಜಿಸ್ಟ್ 1959ರಲ್ಲಿ ಶುರು ಮಾಡಿದ ಲೆಕ್ಕಾಚಾರ, ಜನರನ್ನ ಆರು ಥರ ಮಾಡೋದು: ಕೈಕೆಲಸದ ಕಡೆ ಒಲವಿರೋರು, ಕೆದಕಿ ತಿಳ್ಕೊಳ್ಳೋರು, ಕಲೆ ಕಡೆಯೋರು, ಜನರ ಜೊತೆ ಕೆಲಸ ಮಾಡೋರು, ಮುಂದೆ ನಿಂತು ನಡೆಸೋರು, ಅಚ್ಚುಕಟ್ಟಾಗಿ ಕಡತ ಲೆಕ್ಕ ನೋಡೋರು. ಮಗಳಿಗೆ ಕೆದಕಿ ತಿಳ್ಕೊಳ್ಳೋದ್ರಲ್ಲಿ ನೂರಕ್ಕೆ 91, ಸಂಶೋಧನೆ, ಮೆಡಿಕಲ್, ಬಯೋಟೆಕ್ನಾಲಜಿ ನೋಡಿ ಅಂತ. ಹುಡುಗನಿಗೆ ಕೈಕೆಲಸದಲ್ಲಿ 88, ಕೆದಕೋದ್ರಲ್ಲಿ 22. ಮೆಕ್ಯಾನಿಕ್, ವೆಹಿಕಲ್ ಸರ್ವಿಸ್, ಡ್ರೈವಿಂಗ್ ಅಂತ ಪಟ್ಟಿ. ಅದ್ರ ಕೆಳಗೆ ದಪ್ಪಕ್ಷರದಲ್ಲಿ, "ಇದು ನಿಮ್ಮ ಮಗುವಿನ ಸಹಜ ಒಲವು."

ನನ್ನ ತಂಗಿ ಓದಿ ಏನೂ ಮಾತಾಡ್ಲಿಲ್ಲ. ಅವಳ ಗಂಡ ಮಾತ್ರ ನಕ್ಕು "ಇದನ್ನ ಹೇಳೋಕೆ ಟೆಸ್ಟ್ ಬೇಕಿತ್ತಾ ಅಕ್ಕ" ಅಂದ್ರು.

ನನಗೆ ಚುಚ್ಚಿದ್ದು ಮೆಕ್ಯಾನಿಕ್ ಅಂದಿದ್ದಲ್ಲ, ಒಳ್ಳೆ ಮೆಕ್ಯಾನಿಕ್‌ಗೆ ನಾನು ಕೈ ಮುಗೀತೀನಿ. ಸಹಜ ಅನ್ನೋ ಪದ ಇದ್ಯಲ್ಲ, ಅದು. ಮಗಳ ಅಪ್ಪ ಲ್ಯಾಬಲ್ಲಿ ಕೆಲ್ಸ ಮಾಡೋರು, ಅವಳು ನಾಲ್ಕು ವರ್ಷದವಳಿದ್ದಾಗ್ಲಿಂದ ಸ್ಲೈಡು, ಟೆಸ್ಟ್‌ಟ್ಯೂಬ್ ನೋಡ್ಕೊಂಡೇ ಬೆಳೆದಿರೋದು, ಮನೆಗೆ ಬರೋ ನಾಲ್ಕು ಜನರಲ್ಲಿ ಮೂರು ಜನ ಅದೇ ಮಾತಾಡೋರು. ಲಾರಿ ಓಡಿಸೋರ ಮಗನಿಗೆ ಗಾಡಿ, ಲ್ಯಾಬ್‌ನೋರ ಮಗಳಿಗೆ ಲ್ಯಾಬ್. ಟೆಸ್ಟು ಮಕ್ಕಳನ್ನ ಅಳೀಲಿಲ್ಲ, ನಮ್ಮಿಬ್ಬರ ಮನೆ ಹೊಸಲಿನೊಳಗೆ ಏನೇನಿದೆ ಅಂತ ಪಟ್ಟಿ ಮಾಡಿ ಕೊಡ್ತು. ದುಡ್ಡು ಕೊಟ್ಟು ನಮ್ಮನೆ ಸಾಮಾನಿನ ಪಟ್ಟಿ ನಾವೇ ತರ್ಸ್ಕೊಂಡಂಗಾಯ್ತು.

ಸಿಟ್ಟಲ್ಲಿ ಆವತ್ತು ರಾತ್ರಿ ಕೂತ್ಕೊಂಡು ಈ ಕೆರಿಯರ್ ಗೈಡೆನ್ಸ್ ಅನ್ನೋದು ಶುರುವಾಗಿದ್ದು ಎಲ್ಲಿ ಅಂತ ಹುಡುಕ್ದೆ. ಫ್ರಾಂಕ್ ಪಾರ್ಸನ್ಸ್ ಅಂತ ಒಬ್ರು, 1908ರಲ್ಲಿ ಬೋಸ್ಟನ್‌ನಲ್ಲಿ ಬಡ ಹುಡುಗರಿಗೆ, ವಲಸೆ ಬಂದೋರ ಮಕ್ಕಳಿಗೆ ಅಂತ ಇಂಥ ಒಂದು ಆಫೀಸ್ ತೆಗೆದ್ರಂತೆ, ಅದೇ ವರ್ಷ ತೀರ್ಕೊಂಡ್ರು ಪಾಪ. ಅವರು ಹೇಳಿದ್ದು ಮೂರು ಹೆಜ್ಜೆ, ನಿನ್ನನ್ನ ನೀನು ತಿಳ್ಕೋ, ಕೆಲಸಗಳ ಬಗ್ಗೆ ತಿಳ್ಕೋ, ಎರಡನ್ನೂ ಕೂರಿಸಿ ಯೋಚ್ನೆ ಮಾಡು. ಇವತ್ತಿನ ಎಲ್ಲಾ ಟೆಸ್ಟ್‌ಗಳೂ ಇದೇ ಮೂರನ್ನ ಇಟ್ಕೊಂಡಿವೆ. ಆದ್ರೆ ಆ ಮೊದಲನೇ ಹೆಜ್ಜೆಯೊಳಗೆ ಅವರು ಆಸಕ್ತಿ, ಸಾಮರ್ಥ್ಯದ ಜೊತೆಗೆ ನಿನಗಿರೋ ಅನುಕೂಲಗಳು, ಮಿತಿಗಳು, ಆ ಮಿತಿಗಳಿಗೆ ಕಾರಣ ಏನು, ಇದನ್ನೂ ಸೇರಿಸಿದ್ರು. ನೂರು ವರ್ಷದಲ್ಲಿ ಚಾರ್ಟು ಬಂತು, ಆ್ಯಪ್ ಬಂತು, ಕಾರಣ ಅನ್ನೋದು ಮಾತ್ರ ಬಿದ್ದೋಯ್ತು. ನನಗೆ ಸಿಕ್ಕ 34 ಪೇಜಲ್ಲಿ ಒಂದು ಕಡೆನೂ ಯಾಕೆ ಅನ್ನೋ ಪ್ರಶ್ನೆ ಇಲ್ಲ.

ಕೌನ್ಸೆಲಿಂಗ್ ಸೆಶನ್. ಮೊದಲ ಸರ್ ಬಗ್ಗೆ ಜಾಸ್ತಿ ಬರೆಯೋಕೆ ಏನೂ ಇಲ್ಲ, ಸ್ಕ್ರೀನ್ ಶೇರ್ ಮಾಡಿ ರಿಪೋರ್ಟ್ ಓದಿದ್ರು, ನಮಗೂ ಓದೋಕೆ ಬರತ್ತೆ. ಹುಡುಗನಿಗೆ "ನಿಂಗೆ ಥಿಯರಿ ಆಗಲ್ಲಪ್ಪ, ಪ್ರಾಕ್ಟಿಕಲ್ ಕಡೆ ಹೋಗು" ಅಂದ್ರು, ಹನ್ನೆರಡನೇ ನಿಮಿಷಕ್ಕೆ. ನಾನು ಆ 41 ಗೊತ್ತಿಲ್ಲಗಳ ಬಗ್ಗೆ ಕೇಳ್ದೆ, "ಅದು ಮಧ್ಯದ ಮಾರ್ಕ್ ಮೇಡಂ, ಸಾಫ್ಟ್‌ವೇರ್ ನೋಡ್ಕೊಳತ್ತೆ" ಅಂದ್ರು. ಅಂದ್ರೆ ಗೊತ್ತಿಲ್ಲ ಅನ್ನೋ ಮಗುವಿಗೂ, ನೋಡಿ ಮಾಡಿ ಇದು ನಂಗೆ ಅಷ್ಟಕ್ಕಷ್ಟೇ ಅನ್ನೋ ಮಗುವಿಗೂ ಒಂದೇ ಮಾರ್ಕು! ಕಸ್ಟಮರ್ ಕೇರ್‌ಗೆ ಉದ್ದಕ್ಕೆ ಮೇಲ್ ಬರ್ದೆ, ಸ್ವಲ್ಪ ಜೋರಾಗೇ ಬರ್ದೆ. ಇಲ್ಲಿ ಅವರನ್ನ ಮೆಚ್ಕೋಬೇಕು, ವಾದ ಮಾಡ್ದೆ ಮೂರು ದಿನದಲ್ಲಿ ಇನ್ನೊಂದು ಸೆಶನ್ ಕೊಟ್ರು, ಬೇರೆ ಕೌನ್ಸೆಲರ್ ಜೊತೆ, ಇಬ್ರೂ ಮಕ್ಕಳಿಗೂ.

ಈ ಎರಡನೇ ಮೇಡಂ ರಿಪೋರ್ಟ್ ತೆಗೀಲೇ ಇಲ್ಲ. ಮೊದಲನೇ ಪ್ರಶ್ನೆ ಹುಡುಗನಿಗೆ ಕೇಳಿದ್ದು, "ಯಾರೂ ಹೇಳ್ದೇ ಇದ್ರೂ ನೀನಾಗ್ ನೀನೇ ಮಾಡೋ ಕೆಲ್ಸ ಯಾವ್ದಾದ್ರೂ ಇದ್ಯಾ?" ಅವನು ಏನಿಲ್ಲ ಮಿಸ್ ಅಂದ. ಮೇಡಂ ಸುಮ್ನೆ ಕಾದ್ರು, ನಿಜವಾಗ್ಲೂ ಕಾದ್ರು, ನಾನೇ ಏನಾದ್ರೂ ಹೇಳ್ಬಿಡ್ಲಾ ಅನ್ನೋವಷ್ಟು ಹೊತ್ತು. ಆಮೇಲೆ ಅವನು ಮೆತ್ತಗೆ, ಒಂದು ಬುಕ್ ಇದೆ, ಅಪ್ಪನ ಗಾಡೀದು ಅಂದ. ತಂಗಿ ಹೋಗಿ ತಂದ್ಲು. ಹಳೇ ನೋಟ್‌ಬುಕ್, ಗೆರೆ ಎಳೆದು ಕಾಲಂ ಮಾಡಿದಾನೆ: ತಾರೀಖು, ಎಷ್ಟು ಲೋಡು, ಎಷ್ಟು ಡೀಸೆಲ್, ಎಷ್ಟು ಕಿಲೋಮೀಟರ್, ಘಾಟ್ ಇತ್ತಾ ಇಲ್ವಾ, ಮಳೆ ಇತ್ತಾ ಇಲ್ವಾ, ಟೈರ್ ಗಾಳಿ ಎಷ್ಟಿತ್ತು. ಒಂದೂವರೆ ವರ್ಷದ್ದು. ಅಪ್ಪ ಮೈಲೇಜ್ ಯಾಕೋ ಕಮ್ಮಿ ಆಗ್ತಿದೆ ಅಂತ ಗೊಣಗಿದ್ದಕ್ಕೆ ಶುರು ಮಾಡಿದ್ದಂತೆ. ಲೋಡ್ ಒಂದೇ ಇದ್ದು ರೋಡ್ ಒಂದೇ ಇದ್ದ ಟ್ರಿಪ್‌ಗಳನ್ನ ಮಾತ್ರ ಪಕ್ಕಪಕ್ಕ ಇಟ್ಟು ನೋಡಿ, ಗಾಳಿ ಕಮ್ಮಿ ಇದ್ದಾಗ ಡೀಸೆಲ್ ಜಾಸ್ತಿ ಕುಡಿಯುತ್ತೆ ಅಂತ ಅಪ್ಪನಿಗೆ ತೋರಿಸಿದಾನೆ. ಮೇಡಂ ಕ್ಯಾಮೆರಾ ಹತ್ರ ಹಿಡಿ ಅಂತ ಹಿಡಿಸಿ ಎರಡು ಪೇಜ್ ಓದಿದ್ರು. "ಬೇರೆ ಎಲ್ಲಾ ಒಂದೇ ಇರೋದನ್ನ ಮಾತ್ರ ಹೋಲ್ಸ್ಬೇಕು ಅಂತ ನಿಂಗ್ಯಾರು ಹೇಳ್ಕೊಟ್ರು?" ಯಾರೂ ಇಲ್ಲ ಮಿಸ್, ಇಲ್ದಿದ್ರೆ ಮೋಸ ಆಗತ್ತಲ್ಲ ಅಂದ. "ಇದಕ್ಕೆ ಸ್ಟ್ಯಾಟಿಸ್ಟಿಕ್ಸ್ ಅಂತಾರೆ ಕಣಪ್ಪ, ಇದನ್ನೇ ಓದೋ ಡಿಗ್ರಿ ಇದೆ, ಇದನ್ನೇ ಮಾಡೋ ಕೆಲಸ ಇದೆ." ಅವನು ಆ ಪದ ಕೇಳಿದ್ದು ಅದೇ ಮೊದ್ಲು. 22 ಮಾರ್ಕ್ ಬಂದಿದ್ದ ಹುಡುಗ ಇವನೇ.

ಆಮೇಲೆ ನಾನು ಕೇಳಿದ್ದಕ್ಕೆ ಅವರು ವಿವರವಾಗಿ ಹೇಳಿದ್ರು, ಲಿಂಡಾ ಗಾಟ್‌ಫ್ರೆಡ್ಸನ್ ಅನ್ನೋ ಅಮೆರಿಕದ ಸೈಕಾಲಜಿಸ್ಟ್ 1981ರಲ್ಲಿ ಒಂದು ಥಿಯರಿ ಕೊಟ್ಟಿದಾರಂತೆ, ಮಕ್ಕಳು ಕೆಲಸವನ್ನ ಆರಿಸ್ಕೊಳ್ಳಲ್ಲ, ಒಂದೊಂದಾಗಿ ಹೊಡೆದು ಹಾಕ್ತಾ ಬರ್ತಾರೆ, ಉಳಿದಿದ್ರಲ್ಲಿ ಒಂದನ್ನ ಹಿಡ್ಕೊತಾರೆ ಅಂತ. ಮೂರರಿಂದ ಐದು ವರ್ಷದಲ್ಲಿ ದೊಡ್ಡೋರು ಕೆಲಸಕ್ಕೆ ಹೋಗ್ತಾರೆ, ನಾನೂ ದೊಡ್ಡೋನಾಗ್ತೀನಿ ಅನ್ನೋದಷ್ಟೇ ತಲೇಲಿರತ್ತೆ. ಆರರಿಂದ ಎಂಟರಲ್ಲಿ ಇದು ಹುಡುಗರದ್ದು ಇದು ಹುಡುಗಿಯರದ್ದು ಅಂತ ಒಂದು ರಾಶಿ ಆಚೆಗೆ. ಒಂಬತ್ತರಿಂದ ಹದಿಮೂರರಲ್ಲಿ ನಮ್ಮಂಥೋರಿಗೆ ಅದು ಎಟಕಲ್ಲ, ಇಲ್ಲಾ ನಮ್ಮಂಥೋರು ಅಂಥ ಕೆಲಸ ಮಾಡಲ್ಲ ಅಂತ ಮೇಲಿಂದ ಒಂದಿಷ್ಟು ಕೆಳಗಿಂದ ಒಂದಿಷ್ಟು ಆಚೆಗೆ. ನಂಗೇನಿಷ್ಟ ಅನ್ನೋ ಯೋಚ್ನೆ ಬರೋದು ಹದಿನಾಲ್ಕರ ಮೇಲೆ. "ಈ ಟೆಸ್ಟ್ ನಾವು ತಗೊಳೋದು ಯಾವಾಗ ಹೇಳಿ ಮೇಡಂ, ಹದಿನೈದು ಹದಿನಾರಕ್ಕೆ. ಅಷ್ಟೊತ್ತಿಗೆ ಮಗು ಮುಕ್ಕಾಲು ಪಾಲು ಹೊಡೆದು ಹಾಕಿರತ್ತೆ. ನಾವು ಅಳೆಯೋದು ಮಿಕ್ಕಿದ್ದನ್ನ."

ಅವರದ್ದೇ ಕಂಪನಿ ಟೆಸ್ಟ್ ಬಗ್ಗೆ ಅವರೇ ಹಿಂಗಂದ್ರಲ್ಲ ಅಂತ ನಂಗೆ ಆಶ್ಚರ್ಯ. ಜೊತೆಗೆ ಮಗಳ ಆ ಇಂಜಿನ್ ಪ್ರಶ್ನೆ ತಲೇಲಿ ಗಿರಗಿರ ಅಂತಿತ್ತು. ಮೇಡಂನ ಕೇಳ್ದೆ, ನಾವು ಮನೇಲಿ ಹಂಗೆ ಹೇಳ್ಕೊಟ್ಟಿಲ್ವಲ್ಲ ಅಂತ. ನಕ್ಕರು. 2017ರಲ್ಲಿ ಅಮೆರಿಕದಲ್ಲಿ ಒಂದು ಅಧ್ಯಯನ ಆಗಿದೆ, ಐದು ವರ್ಷದ ಹೆಣ್ಮಕ್ಕಳನ್ನ ತುಂಬಾ ತುಂಬಾ ಜಾಣರು ಯಾರು ಅಂತ ಕೇಳಿದ್ರೆ ಗಂಡುಮಕ್ಕಳ ಥರಾನೇ ತಮ್ಮವರ ಕಡೆ ಕೈ ತೋರಿಸ್ತಾರೆ, ಆರು ಏಳಕ್ಕೆ ಬರೋಷ್ಟರಲ್ಲಿ ಅದು ಕಮ್ಮಿ ಆಗಿರತ್ತೆ, ತುಂಬಾ ಜಾಣರಿಗೆ ಅಂತ ಹೆಸರಿಟ್ಟ ಆಟ ಬೇಡ ಅಂತ ಹಿಂದೆ ಸರೀತಾರೆ. ಅದೇ ಮಕ್ಕಳು ಸ್ಕೂಲಲ್ಲಿ ಯಾರು ಚೆನ್ನಾಗಿ ಮಾರ್ಕ್ಸ್ ತೆಗೀತಾರೆ ಅಂದ್ರೆ ಹುಡುಗೀರೇ ಅಂತಾನೂ ಹೇಳ್ತಾರೆ! ಮಾರ್ಕ್ಸ್ ಬೇರೆ ಜಾಣತನ ಬೇರೆ ಅಂತ ಆರು ವರ್ಷಕ್ಕೇ ಯಾರು ಹೇಳ್ಕೊಟ್ರೋ. ಮನೇಲಿ ಹೇಳ್ಕೊಡದಿದ್ರೆ ಗಾಳಿ ಹೇಳ್ಕೊಡತ್ತೆ ಅಂದ್ರು ಮೇಡಂ. ಅದಕ್ಕೂ ಹಳೇದೊಂದಿದೆ, ವಿಜ್ಞಾನಿ ಚಿತ್ರ ಬರೀರಿ ಅಂತ ಮಕ್ಕಳಿಗೆ ಹೇಳಿದ್ದು, 1983ರಲ್ಲಿ ಅದರ ಫಲಿತಾಂಶ ಬಂತು, 4,807 ಮಕ್ಕಳಲ್ಲಿ ಹೆಂಗಸು ವಿಜ್ಞಾನಿ ಬರೆದೋರು ಬರೀ 28 ಜನ, ಆ 28ಕ್ಕೆ 28ಕ್ಕೂ ಹೆಣ್ಮಕ್ಕಳೇ. ಆಮೇಲಿನ ದಶಕಗಳ ಚಿತ್ರಗಳಲ್ಲಿ ಹೆಂಗಸರು ಸರಾಸರಿ ನೂರಕ್ಕೆ 28ರಷ್ಟಾಗಿದಾರೆ, ಮಕ್ಕಳು ನೋಡೋ ಲೋಕ ಬದಲಾದಂಗೆ ಪೆನ್ಸಿಲ್ ಕೂಡ ಬದಲಾಗಿದೆ.

ಇನ್ನು ನನ್ನ ಕಥೆ, ಎರಡೇ ಮಾತು. ನಾನು ಕಾಮರ್ಸ್ ಓದಿದ್ದು, ಅಕೌಂಟ್ಸಲ್ಲೇ ಕೆಲಸ. ಯಾರಾದ್ರೂ ಕೇಳಿದ್ರೆ ಲೆಕ್ಕ ಅಂದ್ರೆ ಮೊದ್ಲಿಂದ ಇಷ್ಟ ಅಂತೀನಿ. ನಿಜ ಏನಂದ್ರೆ ನಡೆದು ಹೋಗೋವಷ್ಟು ದೂರದ ಕಾಲೇಜಲ್ಲಿ ಸೈನ್ಸ್ ಇರ್ಲಿಲ್ಲ, ಇರೋ ಕಾಲೇಜಿಂದ ವಾಪಸ್ ಬರೋಕೆ ಸಂಜೆ ಬಸ್ ಇರ್ಲಿಲ್ಲ. ಅಪ್ಪ ಬೇಡ ಅನ್ಲಿಲ್ಲ, ನೋಡು ಅಂದ್ರು, ನಾನು ನೋಡ್ದೆ, ಕಾಮರ್ಸ್ ಇಷ್ಟ ಆಯ್ತು. ನನ್ನ ಆಸಕ್ತಿಯನ್ನ ಬಸ್ ಟೈಮ್‌ಟೇಬಲ್ ನಿರ್ಧಾರ ಮಾಡ್ತು ಅಂತ ಇಷ್ಟು ವರ್ಷ ಆದ್ಮೇಲೆ ಈ ಸೆಶನಲ್ಲಿ ಕೂತು ಹೊಳೀತು ನೋಡಿ. ಇದೇನು ನನ್ನೊಬ್ಬಳ ಹಣೆಬರಹ ಅಲ್ಲ ಅನ್ನೋದಕ್ಕೆ, 2006ರಲ್ಲಿ ಬಿಹಾರದಲ್ಲಿ ಹೈಸ್ಕೂಲ್ ಸೇರೋ ಹುಡುಗೀರಿಗೆ ಸರ್ಕಾರ ಸೈಕಲ್ ಕೊಡೋಕೆ ಶುರು ಮಾಡ್ತು, ಆಮೇಲೆ ಇಬ್ರು ಅರ್ಥಶಾಸ್ತ್ರಜ್ಞರು ಪಕ್ಕದ ಜಾರ್ಖಂಡ್ ಜೊತೆ ಹೋಲಿಸಿ ನೋಡಿದ್ರೆ ಆ ವಯಸ್ಸಿನ ಹುಡುಗೀರು ಹೈಸ್ಕೂಲ್ ಸೇರೋದು ನೂರಕ್ಕೆ 32ರಷ್ಟು ಜಾಸ್ತಿ ಆಗಿತ್ತು, ಅದೂ ಸ್ಕೂಲ್ ದೂರ ಇರೋ ಹಳ್ಳಿಗಳಲ್ಲೇ ಹೆಚ್ಚು. ಸೈಕಲ್ ಬರೋಕೆ ಮುಂಚೆ ಆ ಹುಡುಗೀರಿಗೆ ಇಂಥ ಟೆಸ್ಟ್ ಕೊಟ್ಟಿದ್ರೆ, ಓದೋದ್ರಲ್ಲಿ ಸಹಜ ಒಲವು ಕಮ್ಮಿ ಅಂತ ಚಾರ್ಟ್ ಬರ್ತಿತ್ತೇನೋ.

ರೇಮಂಡ್ ಬೂದೋನ್ ಅನ್ನೋ ಫ್ರಾನ್ಸಿನ ಸಮಾಜಶಾಸ್ತ್ರಜ್ಞ 1974ರಲ್ಲೇ ಇದನ್ನ ಎರಡಾಗಿ ಬಿಡಿಸಿ ಇಟ್ಟಿದಾರೆ, ನಂಗೆ ತುಂಬಾ ಉಪಯೋಗ ಆಯ್ತು. ಮನೆ ವಾತಾವರಣದಿಂದ ಮಕ್ಕಳ ಮಾರ್ಕ್ಸಲ್ಲೇ ವ್ಯತ್ಯಾಸ ಆಗೋದು ಒಂದು. ಮಾರ್ಕ್ಸ್ ಒಂದೇ ಇದ್ರೂ ಮುಂದೆ ಏನು ಓದಬೇಕು ಅನ್ನೋ ತೀರ್ಮಾನ ಬೇರೆ ಆಗೋದು ಇನ್ನೊಂದು. ನಮ್ಮ ಇಬ್ರು ಮಕ್ಕಳಿಗೂ ಗಣಿತದಲ್ಲಿ ಹತ್ತಿರಹತ್ತಿರ ಒಂದೇ ಮಾರ್ಕ್ಸ್, ಹುಡುಗನಿಗೇ ಎರಡು ಜಾಸ್ತಿ. ನನ್ನ ಮಗಳು ಒಂದು ವರ್ಷ ಫೇಲಾದ್ರೂ ನಾವು ಹೇಗೋ ತಡ್ಕೋತೀವಿ, ತಂಗಿ ಮನೇಲಿ ಒಂದು ವರ್ಷ ವೇಸ್ಟ್ ಆದ್ರೆ ಅದು ಒಂದು ವರ್ಷದ ಸಂಬಳ ಹೋದಂಗೆ. ಅವರು ಗ್ಯಾರಂಟಿ ಇರೋ ದಾರಿ ಹಿಡಿಯೋದು ಆಸೆ ಇಲ್ಲ ಅಂತಲ್ಲ, ಲೆಕ್ಕ ಗೊತ್ತು ಅಂತ. ಟೆಸ್ಟಲ್ಲಿ ಇದಕ್ಕೊಂದು ಪ್ರಶ್ನೆ ಬೇಡ್ವಾ? ಸೋತ್ರೆ ಎಷ್ಟು ದಿನ ತಡ್ಕೊಳ್ಳೋಕಾಗತ್ತೆ ಅಂತ? 180ರಲ್ಲಿ ಒಂದೂ ಇಲ್ಲ, ಹವ್ಯಾಸದ ಬಗ್ಗೆ ಮಾತ್ರ ಹದಿನಾಲ್ಕು.

ವ್ಯವಸ್ಥೆ ಕೂಡ ಸುಮ್ನೆ ಕೂತಿರಲ್ಲ ಇದ್ರಲ್ಲಿ. ಜರ್ಮನಿಯ ಬಹುಪಾಲು ರಾಜ್ಯಗಳಲ್ಲಿ ನಾಲ್ಕನೇ ಕ್ಲಾಸ್ ಆದ್ಮೇಲೆ, ಅಂದ್ರೆ ಸುಮಾರು ಹತ್ತು ವರ್ಷಕ್ಕೇ ಮಕ್ಕಳನ್ನ ಬೇರೆ ಬೇರೆ ಥರದ ಸ್ಕೂಲಿಗೆ ಹಾಕ್ತಾರೆ, ಹತ್ತು ವರ್ಷದ ಮಗು ಅಂದ್ರೆ ಇನ್ನೂ ಪೂರ್ತಿ ಅಪ್ಪ ಅಮ್ಮನ ನೆರಳೇ ತಾನೆ. ಫಿನ್‌ಲ್ಯಾಂಡಲ್ಲೂ ಮೊದ್ಲು ಹನ್ನೊಂದಕ್ಕೆ ಹಂಗೆ ಮಾಡ್ತಿದ್ರು, 1972ರಿಂದ 1977ರವರೆಗೆ ಒಂದೊಂದೇ ಪ್ರದೇಶದಲ್ಲಿ ಅದನ್ನ ತೆಗೆದು ಹದಿನಾರರವರೆಗೂ ಎಲ್ರೂ ಒಂದೇ ಸ್ಕೂಲ್ ಅಂತ ಮಾಡಿದ್ರು. ಅಪ್ಪನ ಆದಾಯಕ್ಕೂ ಮಗನ ಆದಾಯಕ್ಕೂ ಇದ್ದ ಗಂಟು ಅದ್ರಿಂದ ಸುಮಾರು ನೂರಕ್ಕೆ 23ರಷ್ಟು ಸಡಿಲ ಆಯ್ತು ಅಂತ ಆಮೇಲೆ ಲೆಕ್ಕ ಹಾಕಿದಾರೆ. ಮಕ್ಕಳು ಅವ್ರೇ, ಮನೆ ಅವೇ, ತೀರ್ಮಾನ ತಗೊಳೋ ವಯಸ್ಸು ಐದು ವರ್ಷ ಮುಂದೆ ಹೋಗಿದ್ದಕ್ಕೆ ಇಷ್ಟು. ಕಣ್ಣಿಗೆ ಬೀಳೋದೂ ಅಷ್ಟೇ ಮುಖ್ಯ, ಪಶ್ಚಿಮ ಬಂಗಾಳದ 495 ಹಳ್ಳಿಗಳಲ್ಲಿ ನೋಡಿದ್ದು 2012ರಲ್ಲಿ ಪ್ರಕಟ ಆಗಿದೆ, ಮೀಸಲಾತಿಯಿಂದ ಎರಡು ಅವಧಿ ಹೆಂಗಸೇ ಪಂಚಾಯ್ತಿ ಮುಖ್ಯಸ್ಥೆ ಆಗಿದ್ದ ಕಡೆ, ಹುಡುಗ ಹುಡುಗೀರ ಕನಸಿನ ನಡುವಿನ ಅಂತರ ಮಕ್ಕಳಲ್ಲಿ ನೂರಕ್ಕೆ 32ರಷ್ಟು ಕಮ್ಮಿ ಆಗಿತ್ತು. ಯಾರೂ ಬಂದು ಕೌನ್ಸೆಲಿಂಗ್ ಮಾಡಿರ್ಲಿಲ್ಲ, ಕುರ್ಚಿ ಮೇಲೆ ಕೂತಿದ್ದು ಯಾರು ಅಂತ ನೋಡಿದ್ರು ಅಷ್ಟೇ.

ಮತ್ತೆ ಸರ್ವಿಸ್ ಕಡೆ ಬರೋಣ, ಎಲ್ಲಿಗೋ ಹೋಗ್ಬಿಟ್ಟೆ.

ಇವರು ಕೊಡದೇ ಇರೋದು, ಕೊಡಲೇಬೇಕಿದ್ದಿದ್ದು ಅಂದ್ರೆ ಕೈ ಹಿಡಿದು ನಡೆಸೋದು. ಸ್ಟ್ಯಾಟಿಸ್ಟಿಕ್ಸ್ ಅಂತ ಗೊತ್ತಾಯ್ತು ಸರಿ, ಎಲ್ಲಿ ಓದೋದು, ಸ್ಕಾಲರ್‌ಶಿಪ್ ಫಾರ್ಮ್ ಯಾವಾಗ ಬರತ್ತೆ, ಆದಾಯದ ಸರ್ಟಿಫಿಕೇಟ್ ಯಾರು ಕೊಡ್ತಾರೆ, ಹಾಸ್ಟೆಲ್‌ಗೆ ಬೇರೆ ಅರ್ಜಿನಾ? ಇದನ್ನ ಕೇಳಿದ್ರೆ ನಮ್ಮ ವೆಬ್‌ಸೈಟಲ್ಲಿ ಲಿಂಕ್ ಇದೆ ಅಂದ್ರು. ಲಿಂಕ್ ಇದೆ, ನಲವತ್ತು ಇದೆ, ಅರ್ಧ ತೆರೆಯಲ್ಲ. ನನಗೆ ಫಾರ್ಮ್ ತುಂಬೋದು ಹೊಟ್ಟೆಪಾಡು, ಆದ್ರಿಂದ ನಾನು ಕೂತು ತುಂಬ್ತೀನಿ, ತಂಗಿ ಒಬ್ಬಳೇ ಇದ್ದಿದ್ರೆ ಮೊದಲ ಪೇಜಲ್ಲೇ ಕೈ ಬಿಡ್ತಿದ್ಲು. ಅಮೆರಿಕದಲ್ಲಿ ಇದನ್ನೇ ಪ್ರಯೋಗ ಮಾಡಿ ನೋಡಿದಾರೆ, ಟ್ಯಾಕ್ಸ್ ರಿಟರ್ನ್ ತುಂಬ್ಸೋಕೆ ಬರೋ ಕಮ್ಮಿ ಆದಾಯದ ಮನೆಯೋರಿಗೆ ಅಲ್ಲೇ ಕೂರಿಸ್ಕೊಂಡು ಮಕ್ಕಳ ಕಾಲೇಜ್ ಧನಸಹಾಯದ ಫಾರ್ಮ್ ತುಂಬಿ ಕೊಟ್ರು, ಇನ್ನು ಕೆಲವರಿಗೆ ಬರೀ ಮಾಹಿತಿ ಕೊಟ್ಟು ಕಳಿಸಿದ್ರು. ತುಂಬಿ ಕೊಟ್ಟ ಮನೆಗಳಲ್ಲಿ ಹೈಸ್ಕೂಲ್ ಕೊನೇ ವರ್ಷದ ಮಕ್ಕಳು ಎರಡು ವರ್ಷ ಕಾಲೇಜ್ ಮುಗಿಸೋದು ನೂರಕ್ಕೆ 28 ಇದ್ದಿದ್ದು 36 ಆಯ್ತು. ಬರೀ ಮಾಹಿತಿ ಕೊಟ್ಟವರಲ್ಲಿ ಏನೂ ಬದಲಾಗ್ಲಿಲ್ಲ. ಒಂದು ಫಾರ್ಮ್ ರೀ! ಈ ಕಂಪನಿ ಆ ಬಣ್ಣದ ಚಕ್ರಕ್ಕೆ ಹಾಕೋ ಶ್ರಮದಲ್ಲಿ ಕಾಲು ಭಾಗ ಫಾರ್ಮ್ ತುಂಬೋಕೆ ಒಬ್ಬರನ್ನ ಇಟ್ಟಿದ್ರೆ ನಾನು ಕಣ್ಣು ಮುಚ್ಚಿ ಐದು ಸ್ಟಾರ್ ಕೊಡ್ತಿದ್ದೆ.

ಸಣ್ಣಪುಟ್ಟ ಕಂಪ್ಲೇಂಟ್‌ಗಳು: ಟೆಸ್ಟ್ ಮುಗಿದ ಮಾರನೇ ದಿನದಿಂದ ಕೋಚಿಂಗ್ ಬೇಕಾ ಅಂತ ಫೋನ್ ಶುರು, ಎರಡು ವಾರ ಬಿಡ್ಲಿಲ್ಲ. ತಮಾಷೆ ಏನಂದ್ರೆ ಫೋನೆಲ್ಲ ನನಗೇ, ತಂಗಿಗೆ ಒಂದೂ ಬರ್ಲಿಲ್ಲ, ಅಪ್ಪನ ಉದ್ಯೋಗ ಅನ್ನೋ ಕಾಲಂ ತುಂಬ್ಸಿದ್ದು ಇದಕ್ಕಾ ಅಂತ ಡೌಟು. ಕೌನ್ಸೆಲಿಂಗ್‌ಗೆ ಬಳಸ್ಲಿಲ್ಲ, ಮಾರ್ಕೆಟಿಂಗ್‌ಗೆ ಬಳಸಿದ್ರು ಅಂದಂಗಾಯ್ತು. ಪಿಡಿಎಫ್ ತಂಗಿ ಫೋನಲ್ಲಿ ತೆರೀಲಿಲ್ಲ. ವಿಡಿಯೋ ಕಾಲ್‌ಗೆ ಲ್ಯಾಪ್‌ಟಾಪ್ ಇರ್ಲೇಬೇಕು ಅಂತ ರೂಲ್, ಅದಕ್ಕೇ ಹುಡುಗನ ಸೆಶನ್‌ಗೆ ಲ್ಯಾಪ್‌ಟಾಪ್ ಎತ್ಕೊಂಡು ನಾನೇ ಅವರ ಮನೆಗೆ ಹೋಗಿದ್ದು.

ತಗೋಬೇಕಾ ಬೇಡ್ವಾ ಅಂದ್ರೆ, ಟೆಸ್ಟ್ ಬೇಡ. ಸೆಶನ್ ಮಾತ್ರ ಬೇರೆಯಾಗಿ ಕೊಡ್ತಾರೆ ಅಂತ ಆಮೇಲೆ ಗೊತ್ತಾಯ್ತು, ಅದನ್ನ ತಗೊಳ್ಳಿ, ರಿಪೋರ್ಟ್ ಓದಿ ಹೇಳೋ ಕೌನ್ಸೆಲರ್ ಬೇಡ ಅಂತ ಬುಕಿಂಗ್ ಮಾಡೋವಾಗ್ಲೇ ಬರೀರಿ. ಟೆಸ್ಟ್ ಆಗ್ಲೇ ಮಾಡ್ಸಿದ್ರೆ ರಿಪೋರ್ಟ್ ಬಿಡಿ, ಮಗು ಯಾವ್ಯಾವ ಪ್ರಶ್ನೆಗೆ ಗೊತ್ತಿಲ್ಲ ಅಂದಿದೆ ಅಂತ ಪಟ್ಟಿ ಮಾಡಿ. ನಂಗೆ ಈ ಇಡೀ ವ್ಯವಹಾರದಲ್ಲಿ ಕೆಲಸಕ್ಕೆ ಬಂದಿದ್ದು ಆ 41 ಪ್ರಶ್ನೆಗಳೇ. ಅದಕ್ಕೆ ನೋಡದೇನೇ ಇಷ್ಟ ಇಲ್ಲ ಅಂತ ಒತ್ತಿದ್ದ ಮೈಕ್ರೋಸ್ಕೋಪ್, ಇಂಜಿನ್ ಎರಡನ್ನೂ ಸೇರಿಸಿ ಫ್ರಿಜ್ ಮೇಲೆ ಅಂಟಿಸಿದೀವಿ, ರಜಾ ದಿನ ಒಂದೊಂದನ್ನ ಹೋಗಿ ನೋಡ್ಕೊಂಡು ಬರೋದು, ಇಬ್ರೂ ಮಕ್ಕಳೂ. ಮೊದ್ಲು ನನ್ನ ಗಂಡ ಹುಡುಗನನ್ನ ಲ್ಯಾಬ್‌ಗೆ ಕರ್ಕೊಂಡು ಹೋಗಿ ಮೈಕ್ರೋಸ್ಕೋಪ್ ಮುಂದೆ ಕೂರಿಸಿದ್ರು, ಅವನಿಗೆ ಅದು ನಿಜವಾಗ್ಲೂ ಇಷ್ಟ ಆಗ್ಲಿಲ್ಲ, ಅರ್ಧ ಗಂಟೇಲಿ ಬೋರಾಯ್ತು ದೊಡ್ಡಮ್ಮ ಅಂದ. ಸರಿ, ಈಗ ಹೊಡೆದು ಹಾಕು ಅಂದೆ, ಪೆನ್ ತಗೊಂಡು ಗೆರೆ ಎಳೆದ. ಮಗಳು ಅವನ ಅಪ್ಪನ ಜೊತೆ ಗ್ಯಾರೇಜಿಗೆ ಹೋಗಿ ಕೈಯೆಲ್ಲ ಗ್ರೀಸ್ ಮಾಡ್ಕೊಂಡು ಬಂದು, ಇಂಜಿನ್ ಮುಂದೆ ಇನ್ನೂ ಗೆರೆ ಎಳೆದಿಲ್ಲ.

ನಿನ್ನೆ ರಾತ್ರಿ ಹುಡುಗ ನೋಟ್‌ಬುಕ್ ಫೋಟೋ ಕಳಿಸಿದಾನೆ. ಒಂದು ಕಾಲಂ ಜಾಸ್ತಿ ಆಗಿದೆ, ಟೈರ್ ಗಾಳಿ ಬೆಳಿಗ್ಗೆ ಎಷ್ಟು, ಗಾಡಿ ಓಡಿದ್ಮೇಲೆ ಬಿಸಿಯಾದಾಗ ಎಷ್ಟು ಅಂತ. ಕೆಳಗೆ ಬರ್ದಿದಾನೆ, ದೊಡ್ಡಮ್ಮ ಆ ಮಿಸ್ ನಂಬರ್ ಇದ್ರೆ ಕೇಳಿ, ಎರಡೂ ಅಳತೆಯಲ್ಲಿ ಲೆಕ್ಕಕ್ಕೆ ಯಾವುದನ್ನ ತಗೋಬೇಕು.